ಬೂಷ್ಟಿನ ಧೂಳು ಮತ್ತು ಲಿಂಫೋಮಾ ರೋಗಿ



ಆಟಿ ತಿಂಗಳ ಮಳೆ ಹಿಡಿಯಿತೆಂದರೆ ನಮ್ಮ ಕಾಸರಗೋಡಿನ ಕಡೆ ಬೂಷ್ಟು ಹಿಡಿಯದ ವಸ್ತುವೇ ಇರುವುದಿಲ್ಲ. ಅಟ್ಟದ ಅಡಿಕೆ, ಗೋಣಿಯೊಳಗಿನ ಕೊಬ್ಬರಿ, ಹಟ್ಟಿಯ ಬೈಹುಲ್ಲು, ಪೆಟ್ಟಿಗೆಯಲ್ಲಿಟ್ಟ ಬಟ್ಟೆ, ಚಪ್ಪಲಿ, ಗೋಡೆ, ಎಲ್ಲದರ ಮೇಲೂ ಬಿಳಿ, ಹಸಿರು, ಕಪ್ಪು ಬಣ್ಣದ ತೆಳುವಾದ ಪದರ ಬೆಳೆದಿರುತ್ತದೆ. ನಾವು ಅದನ್ನು ಒರೆಸಿ, ಕೊಡವಿ, ಬಿಸಿಲು ಬಂದಾಗ ಒಣಗಿಸಿ ಸುಮ್ಮನಾಗುತ್ತೇವೆ. ಹಾಗೆ ಕೊಡವುವಾಗ ಹಾರುವ ಧೂಳಿನಲ್ಲಿ ಶಿಲೀಂಧ್ರದ ಬೀಜಕಣಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಪ್ರತಿಯೊಬ್ಬ ಮನುಷ್ಯನೂ ದಿನಕ್ಕೆ ನೂರಾರು ಬೀಜಕಣಗಳನ್ನು ಉಸಿರಾಡುತ್ತಾನೆ. ಆರೋಗ್ಯವಂತನಿಗೆ ಇದರಿಂದ ಒಂದು ಸೀನು ಬರಬಹುದು, ಅಷ್ಟೇ.

ಆದರೆ ಅದೇ ಮನೆಯ ಒಳಕೋಣೆಯಲ್ಲಿ ಲಿಂಫೋಮಾ ಎಂಬ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಒಬ್ಬರು ಮಲಗಿದ್ದರೆ, ಆ ಧೂಳು ಅವರ ಪಾಲಿಗೆ ಪ್ರಾಣಕ್ಕೆ ಎರವಾಗಬಹುದು. ಇಂತಹ ರೋಗಿಗಳಲ್ಲಿ ಕೆಲವರು ಕ್ಯಾನ್ಸರಿನಿಂದಲ್ಲ, ಚಿಕಿತ್ಸೆಯ ನಡುವೆ ತಗಲುವ ಸೋಂಕಿನಿಂದ ತೀರಿಕೊಳ್ಳುತ್ತಾರೆ. ಪೇಟೆಯ ಮನೆಯವರಿಗಿಂತ ಕೃಷಿಕರ ಮನೆಯವರು ಈ ವಿಷಯವನ್ನು ಹೆಚ್ಚು ತಿಳಿದಿರಬೇಕಾದ ಕಾರಣ, ಈ ಸಲದ ಅಂಕಣವನ್ನು ನಾವು ಇದಕ್ಕೆ ಮೀಸಲಿಟ್ಟಿದ್ದೇವೆ.

ಲಿಂಫೋಮಾ ಎಂದರೇನು?

ನಮ್ಮ ಕುತ್ತಿಗೆ, ಕಂಕುಳು, ತೊಡೆಸಂದು, ಎದೆ ಮತ್ತು ಹೊಟ್ಟೆಯೊಳಗೆ ದುಗ್ಧರಸ ಗ್ರಂಥಿಗಳೆಂಬ ಚಿಕ್ಕ ಗಂಟುಗಳಿವೆ. ದೇಹದ ಕಾವಲುಗಾರರಾದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಠಾಣೆಗಳು ಇವು. ಈ ಕಾವಲುಗಾರರೇ ಹದ್ದು ಮೀರಿ ಬೆಳೆಯತೊಡಗಿದಾಗ ಉಂಟಾಗುವ ಕ್ಯಾನ್ಸರಿಗೆ ಲಿಂಫೋಮಾ ಎನ್ನುತ್ತಾರೆ. 1832ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಹಾಡ್ಜ್‌ಕಿನ್ ಇದರ ಒಂದು ಬಗೆಯನ್ನು ವರ್ಣಿಸಿದರು. ಅದಕ್ಕೆ ಇಂದಿಗೂ ಅವರದೇ ಹೆಸರಿದೆ. ಉಳಿದ ಬಗೆಗಳನ್ನೆಲ್ಲ ಒಟ್ಟಾಗಿ ನಾನ್-ಹಾಡ್ಜ್‌ಕಿನ್ ಲಿಂಫೋಮಾ ಎಂದು ಕರೆಯುತ್ತಾರೆ.

ನೋವಿಲ್ಲದ ಗಂಟು, ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು ಇದರ ಲಕ್ಷಣಗಳು. ಕ್ಷಯರೋಗಕ್ಕೂ ಇವೇ ಲಕ್ಷಣಗಳು ಇರುವುದರಿಂದ ಗಂಟಿನ ತುಣುಕು ತೆಗೆದು ಪರೀಕ್ಷಿಸದೆ ನಿರ್ಧಾರಕ್ಕೆ ಬರಬಾರದು. ಇದು ಕೈಚೆಲ್ಲಿ ಕೂರುವ ಕಾಯಿಲೆಯಲ್ಲ. ಅನೇಕ ಬಗೆಗಳು ಪೂರ್ಣವಾಗಿ ಗುಣವಾಗುತ್ತವೆ. ಆದ್ದರಿಂದಲೇ ಚಿಕಿತ್ಸೆಯ ತಿಂಗಳುಗಳಲ್ಲಿ ರೋಗಿಯನ್ನು ಸೋಂಕಿನಿಂದ ಕಾಪಾಡುವುದು ಅಷ್ಟು ಮುಖ್ಯ.

ಬೇಲಿ ಬಿದ್ದ ತೋಟ

ಲಿಂಫೋಮಾದಲ್ಲಿ ದೇಹದ ರಕ್ಷಣೆ ಮೂರು ಕಡೆಯಿಂದ ಕುಸಿಯುತ್ತದೆ. ಮೊದಲನೆಯದಾಗಿ, ಕಾಯಿಲೆ ಹಿಡಿದಿರುವುದೇ ಕಾವಲಿನ ಕಣಗಳಿಗೆ. ಎರಡನೆಯದಾಗಿ, ಕಿಮೋಥೆರಪಿಯ ಮದ್ದು ಕ್ಯಾನ್ಸರ್ ಕಣಗಳನ್ನು ಕೊಲ್ಲುವುದರ ಜೊತೆಗೆ ಎಲುಬಿನ ಮಜ್ಜೆಯಲ್ಲಿ ಹುಟ್ಟುವ ಹೊಸ ರಕ್ತಕಣಗಳನ್ನೂ ಕೊಲ್ಲುತ್ತದೆ. ಮೂರನೆಯದಾಗಿ, ಚಿಕಿತ್ಸೆಯ ಭಾಗವಾಗಿ ಕೊಡುವ ಪ್ರೆಡ್ನಿಸೊಲೋನ್‌ನಂತಹ ಸ್ಟೀರಾಯ್ಡ್ ಉಳಿದ ಕಣಗಳ ಕೈಯನ್ನೂ ಕಟ್ಟಿಹಾಕುತ್ತದೆ ಮತ್ತು ರಕ್ತದ ಸಕ್ಕರೆಯನ್ನು ಏರಿಸುತ್ತದೆ.

ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಗೆ ಬೂಷ್ಟಿನ ವಿರುದ್ಧ ಮುಂಚೂಣಿಯಲ್ಲಿ ಹೋರಾಡುತ್ತದೆ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ 1500ಕ್ಕಿಂತ ಮೇಲಿರುತ್ತವೆ. 500ಕ್ಕಿಂತ ಕೆಳಗಿಳಿದರೆ ಗಂಭೀರ ಸ್ಥಿತಿ. ಕಿಮೋಥೆರಪಿ ಕೊಟ್ಟ ದಿನ ರೋಗಿ ಗಟ್ಟಿಯಾಗಿಯೇ ಮನೆಗೆ ಬರುತ್ತಾರೆ. ಆದರೆ ಸುಮಾರು 7ರಿಂದ 14ನೆಯ ದಿನದ ನಡುವೆ ಈ ಕಣಗಳು ತೀರಾ ಕಡಿಮೆಯಾಗಿ, ಆಮೇಲೆ ಮೆಲ್ಲನೆ ಏರುತ್ತವೆ. ಸಾಮಾನ್ಯವಾಗಿ ನಡೆಯುವ 21 ದಿನಗಳ ಸರದಿಯಲ್ಲಿ ನಡುವಿನ ವಾರವೇ ಅಪಾಯದ ವಾರ. ಮನೆಯವರು ಕ್ಯಾಲೆಂಡರಿನಲ್ಲಿ ಈ ದಿನಗಳಿಗೆ ಗುರುತು ಹಾಕಿಡುವುದು ಒಳ್ಳೆಯದು.

ಕಣಗಳು ಎಷ್ಟು ಕೆಳಗಿಳಿದಿವೆ ಎಂಬುದರಷ್ಟೇ ಎಷ್ಟು ದಿನ ಹಾಗೆಯೇ ಉಳಿದಿವೆ ಎಂಬುದೂ ಮುಖ್ಯ. ಹೆಚ್ಚಿನವರಲ್ಲಿ ಅವು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತವೆ. ಕಾಯಿಲೆ ಮರುಕಳಿಸಿ ಬಲವಾದ ಮದ್ದು ಪಡೆಯುವವರು, ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರು, ತಿಂಗಳುಗಟ್ಟಲೆ ಸ್ಟೀರಾಯ್ಡ್ ಸೇವಿಸುವವರು, ಜೊತೆಗೆ ಸಕ್ಕರೆ ಕಾಯಿಲೆ ಇರುವವರು ಹೆಚ್ಚು ಜಾಗ್ರತೆಯಿಂದಿರಬೇಕು. ಇಬ್ರುಟಿನಿಬ್‌ನಂತಹ ಹೊಸ ಮಾತ್ರೆ ಸೇವಿಸುವವರಲ್ಲೂ ಶಿಲೀಂಧ್ರದ ಸೋಂಕು ಕಂಡುಬಂದಿದೆ.

ಶತ್ರುಗಳು ಯಾರು ಯಾರು?

ಕ್ಯಾಂಡಿಡಾ: ಇದು ಹೊರಗಿನಿಂದಲೇ ಬರಬೇಕೆಂದಿಲ್ಲ, ನಮ್ಮ ಬಾಯಿ ಮತ್ತು ಕರುಳಿನಲ್ಲೇ ಇರುತ್ತದೆ. ರಕ್ಷಣೆ ಕುಗ್ಗಿದಾಗ ನಾಲಗೆ, ಕೆನ್ನೆಯ ಒಳಭಾಗದಲ್ಲಿ ಮೊಸರಿನ ತುಣುಕಿನಂತಹ ಬಿಳಿ ಮಚ್ಚೆಗಳು ಏಳುತ್ತವೆ, ನುಂಗುವಾಗ ನೋಯುತ್ತದೆ. ರಕ್ತನಾಳಕ್ಕೆ ಹಾಕಿದ ಕೊಳವೆಯ ಮೂಲಕ ರಕ್ತಕ್ಕೆ ಸೇರಿದರೆ ಅಪಾಯ.

ಆಸ್ಪರ್ಜಿಲಸ್: ಕೃಷಿಕರು ಮುಖ್ಯವಾಗಿ ತಿಳಿಯಬೇಕಾದ ಶಿಲೀಂಧ್ರ ಇದು. 1729ರಲ್ಲಿ ಫ್ಲಾರೆನ್ಸಿನ ಸಸ್ಯಶಾಸ್ತ್ರಜ್ಞ ಪಿಯೆರ್ ಆಂಟೋನಿಯೊ ಮಿಕೆಲಿ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಾಗ, ಇಗರ್ಜಿಯಲ್ಲಿ ಪವಿತ್ರ ಜಲ ಪ್ರೋಕ್ಷಿಸುವ ಸಲಕರಣೆಯ ಆಕಾರ ನೆನಪಾಗಿ ಅದರ ಲ್ಯಾಟಿನ್ ಹೆಸರನ್ನೇ ಇಟ್ಟರು. ಹೆಸರು ಪವಿತ್ರವಾದರೂ ಗುಣ ಹಾಗಲ್ಲ. ಕೊಳೆಯುವ ಸೊಪ್ಪು, ಗೊಬ್ಬರದ ರಾಶಿ, ಒದ್ದೆಯಾದ ಹುಲ್ಲು, ಬೂಷ್ಟು ಹಿಡಿದ ಕಾಳು ಇದರ ವಾಸಸ್ಥಾನ. ಗೊಬ್ಬರದ ಗುಂಡಿಯ ಬಿಸಿಯಲ್ಲೂ ಇದು ಬೆಳೆಯಬಲ್ಲದು. ಮನುಷ್ಯ ದೇಹದ ಬಿಸಿ ಇದಕ್ಕೆ ಏನೂ ಅಲ್ಲ. ಬೀಜಕಣ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು-ಮೂರು ಪಾಲಿನಷ್ಟು ಚಿಕ್ಕದಾದ್ದರಿಂದ ಶ್ವಾಸಕೋಶದ ತಳದವರೆಗೆ ಇಳಿಯುತ್ತದೆ. ಅಲ್ಲಿ ತಡೆಯುವವರಿಲ್ಲದಿದ್ದರೆ ಮೊಳೆತು, ರಕ್ತನಾಳಗಳನ್ನು ಕೊರೆಯುತ್ತದೆ. ಇಳಿಯದ ಜ್ವರ, ಉಸಿರೆಳೆದಾಗ ಎದೆನೋವು, ಕೆಮ್ಮಿದಾಗ ರಕ್ತ ಇದರ ಲಕ್ಷಣ.

ಕಪ್ಪು ಶಿಲೀಂಧ್ರ: ಮ್ಯೂಕರ್ ಜಾತಿಗೆ ಸೇರಿದ ಇದನ್ನು 2021ರಲ್ಲಿ ಕೋವಿಡ್‌ನ ಎರಡನೆಯ ಅಲೆಯ ಹೊತ್ತಿಗೆ ನಮ್ಮ ದೇಶ ಚೆನ್ನಾಗಿ ಕಂಡಿತು. ಆ ವರ್ಷ ಜೂನ್ ಕೊನೆಯ ಹೊತ್ತಿಗೆ 40 ಸಾವಿರಕ್ಕೂ ಹೆಚ್ಚು ಮಂದಿಗೆ ಇದು ತಗಲಿತ್ತು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್ ಅದಕ್ಕೆ ದಾರಿ ಮಾಡಿದ್ದವು. ಲಿಂಫೋಮಾ ರೋಗಿಯಲ್ಲೂ ಇವೆರಡೂ ಒಟ್ಟಾಗಬಹುದು. ಮುಖದ ಒಂದು ಬದಿ ಊದುವುದು, ನೋಯುವುದು, ಮೂಗಿನಿಂದ ಕಪ್ಪು ದ್ರವ, ಒಂದು ವಸ್ತು ಎರಡಾಗಿ ಕಾಣುವುದು, ಅಂಗುಳಿನಲ್ಲಿ ಕಪ್ಪು ಕಲೆ, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆ ಸೇರಬೇಕು.

ನ್ಯುಮೋಸಿಸ್ಟಿಸ್: ಒಣಕೆಮ್ಮು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಇದನ್ನು ತಡೆಯಲು ಕೋಟ್ರೈಮಾಕ್ಸಜೋಲ್ ಎಂಬ ಅಗ್ಗದ ಮಾತ್ರೆಯನ್ನು ಅಗತ್ಯವಿರುವ ರೋಗಿಗಳಿಗೆ ವೈದ್ಯರು ಮೊದಲೇ ಕೊಡುತ್ತಾರೆ. "ಈಗ ಏನೂ ತೊಂದರೆ ಇಲ್ಲವಲ್ಲ" ಎಂದು ಅದನ್ನು ನಿಲ್ಲಿಸಬಾರದು.

ಕ್ರಿಪ್ಟೋಕಾಕಸ್: ಪಾರಿವಾಳದ ಹಿಕ್ಕೆಯಲ್ಲಿ ಹೆಚ್ಚು. ಮೆದುಳಿನ ಪೊರೆಗೆ ತಗಲಿದರೆ ದಿನಗಟ್ಟಲೆ ಬಿಡದ ತಲೆನೋವು, ವಾಂತಿ, ಮಂಕು.

ಇವೆಲ್ಲ ಎಲ್ಲ ರೋಗಿಗಳಿಗೂ ಬರುವುದಿಲ್ಲ. ಬಾಯಿಯ ಕ್ಯಾಂಡಿಡಾ ಸಾಮಾನ್ಯ. ಶ್ವಾಸಕೋಶದ ಸೋಂಕು ಅದಕ್ಕಿಂತ ವಿರಳ. ಆದರೆ ಬಂದಾಗ ಬಹಳ ಸಮಯ ಕೊಡುವುದಿಲ್ಲ.

ಸುಮ್ಮನೆ ಕೂರಲಾರದ ಕೃಷಿಕ

ನಮಗೆ ಪರಿಚಯವಿದ್ದ ಒಬ್ಬ ಕೃಷಿಕರು ನಾಲ್ಕನೆಯ ಕಿಮೋಥೆರಪಿ ಮುಗಿಸಿ ಬಂದ ವಾರದಲ್ಲೇ ಅಡಿಕೆ ಸುಲಿಯುವಲ್ಲಿ ಹೋಗಿ ಕುಳಿತರು. ಆಳುಗಳು ಸಿಗದ ಕಾಲ. "ಫಾದರ್, ಸುಮ್ಮನೆ ಕೂತರೆ ಮನಸ್ಸು ಕೇಳುವುದಿಲ್ಲ. ಇದೇನು ಭಾರ ಎತ್ತುವ ಕೆಲಸವಾ?" ಎಂದು ಅವರು ಹೇಳುತ್ತಿದ್ದುದುಂಟು. ಕೆಲಸ ಹಗುರವೇ ಹೌದು, ಆದರೆ ಧೂಳು ಹಗುರವಾಗಿರಲಿಲ್ಲ. ಹತ್ತನೆಯ ದಿನಕ್ಕೆ ಜ್ವರ ಬಂತು. ಮಳೆಗಾಲದ ಜ್ವರವೆಂದು ಮನೆಯಲ್ಲಿ ಮೂರು ದಿನ ಪ್ಯಾರಾಸಿಟಮಾಲ್ ಕೊಟ್ಟರು. ಮಾತ್ರೆ ಕೊಟ್ಟಾಗ ಜ್ವರ ಇಳಿದು ಮತ್ತೆ ಏರುತ್ತಿತ್ತು. ನಾಲ್ಕನೆಯ ದಿನ ಏದುಸಿರು ಬಂದಾಗಲೇ ಆಸ್ಪತ್ರೆಗೆ ಹೊರಟದ್ದು. ಸಿ.ಟಿ. ಸ್ಕ್ಯಾನಿನಲ್ಲಿ ಶ್ವಾಸಕೋಶದ ತುಂಬ ಕಲೆಗಳಿದ್ದವು. ಆಸ್ಪರ್ಜಿಲಸ್ ಎಂದು ಪತ್ತೆಯಾಯಿತು. ತಿಂಗಳುಗಟ್ಟಲೆ ಔಷಧ ಬೇಕಾಯಿತು, ಕ್ಯಾನ್ಸರಿನ ಚಿಕಿತ್ಸೆ ಅಷ್ಟು ಕಾಲ ನಿಂತಿತು, ಸಾಲವೂ ಆಯಿತು. ದೇವರ ದಯೆಯಿಂದ ಅವರು ಉಳಿದರು.

ಆ ಸೋಂಕು ಅಡಿಕೆಯ ಧೂಳಿನಿಂದಲೇ ಬಂತೆಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಬೀಜಕಣ ಎಲ್ಲ ಕಡೆಯ ಗಾಳಿಯಲ್ಲೂ ಇದೆ. ಆದರೆ ಮೂರು ದಿನ ಕಳೆದುಹೋದದ್ದು ಮಾತ್ರ ನಿಜ.

ಜ್ವರ ಬಂದರೆ ಬೆಳಗಾಗುವುದನ್ನು ಕಾಯಬೇಡಿ

ಈ ಲೇಖನದಲ್ಲಿ ಬೇರೇನು ಮರೆತರೂ ಇದೊಂದನ್ನು ಮರೆಯಬಾರದು. ಕಿಮೋಥೆರಪಿ ಪಡೆಯುತ್ತಿರುವವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ ಬಂದರೆ ಅದು ತುರ್ತುಸ್ಥಿತಿ. ಮೈ ಮುಟ್ಟಿ ನೋಡಿ ಹೇಳುವುದಲ್ಲ, ಥರ್ಮಾಮೀಟರ್ ಮನೆಯಲ್ಲಿರಲೇಬೇಕು. ಅಳೆಯುವ ಮೊದಲು ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಅಡಗುತ್ತದೆ, ಸೋಂಕು ಅಡಗುವುದಿಲ್ಲ. ಸ್ಟೀರಾಯ್ಡ್ ಸೇವಿಸುವವರಲ್ಲಿ ಜ್ವರವೇ ಕಾಣಿಸದೆ ಬರಿಯ ಚಳಿ, ಸುಸ್ತು, ಏದುಸಿರು ಇರಬಹುದು. ಅದನ್ನೂ ಅಷ್ಟೇ ಗಂಭೀರವಾಗಿ ಪರಿಗಣಿಸಬೇಕು.

ಆಸ್ಪತ್ರೆಯಲ್ಲಿ ಮೊದಲು ಬ್ಯಾಕ್ಟೀರಿಯಾದ ವಿರುದ್ಧ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಏಕೆಂದರೆ ಹೆಚ್ಚಾಗಿ ಕಾರಣ ಅದೇ, ಮತ್ತು ಅದು ಗಂಟೆಗಳಲ್ಲಿ ಕೊಲ್ಲಬಲ್ಲದು. ನಾಲ್ಕೈದು ದಿನಗಳಲ್ಲೂ ಜ್ವರ ಇಳಿಯದಿದ್ದರೆ ಶಿಲೀಂಧ್ರದ ಹುಡುಕಾಟ ನಡೆಯುತ್ತದೆ. ಆರಂಭದಲ್ಲಿ ಎಕ್ಸ್‌-ರೇಯಲ್ಲಿ ಏನೂ ಕಾಣದೆ ಸಿ.ಟಿ. ಸ್ಕ್ಯಾನಿನಲ್ಲಿ ಮಾತ್ರ ಕಾಣುವುದುಂಟು. ಆದ್ದರಿಂದ ಸ್ಕ್ಯಾನಿಗೆ ಬರೆದಾಗ "ಎಕ್ಸ್‌-ರೇ ಸರಿ ಇದೆಯಲ್ಲ" ಎಂದು ಹಿಂಜರಿಯಬಾರದು.

ನಮ್ಮ ಗಡಿಭಾಗದವರಿಗೆ ಇನ್ನೊಂದು ಮಾತು. ಕೆಲವರು ಮಂಗಳೂರಿನಲ್ಲಿ, ಕೆಲವರು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲಿ, ಇನ್ನು ಕೆಲವರು ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರಿನಲ್ಲಿ ಚಿಕಿತ್ಸೆ ಪಡೆಯುತ್ತಾರೆ. ನಡುರಾತ್ರಿ ಜ್ವರ ಬಂದಾಗ ಅಷ್ಟು ದೂರ ಓಡಲಾಗದು. ಹತ್ತಿರದ ಯಾವ ಆಸ್ಪತ್ರೆಗೆ ಹೋಗಬೇಕೆಂದು ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ. ಕಿಮೋಥೆರಪಿಯ ಹೆಸರು, ಕೊಟ್ಟ ದಿನಾಂಕ, ಕೊನೆಯ ರಕ್ತಪರೀಕ್ಷೆಯ ವರದಿ ಇರುವ ಕಡತವನ್ನು ಒಂದು ಚೀಲದಲ್ಲಿ ಬಾಗಿಲ ಬಳಿಯೇ ಇಡಿ. ಮಲಯಾಳಂ ಸರಿಯಾಗಿ ಬಾರದ ನಮ್ಮ ಹಿರಿಯರಿಗೆ ಆ ಕಾಗದವೇ ಬಾಯಿ.

ಮನೆಯಲ್ಲೂ ತೋಟದಲ್ಲೂ ಪಾಲಿಸಬೇಕಾದವು

1. ಅಡಿಕೆ ಸುಲಿಯುವುದು, ಒಣಗಿದ ಅಡಿಕೆ ರಾಶಿ ಹಾಕುವುದು, ಕೊಬ್ಬರಿ ಗೋಣಿ ಕೊಡವುವುದು, ಬೈಹುಲ್ಲು ಎಳೆಯುವುದು, ತರಗೆಲೆ ಗುಡಿಸುವುದು, ಗೊಬ್ಬರದ ಗುಂಡಿ ಅಗೆಯುವುದು, ಹಟ್ಟಿ ಅಥವಾ ಕೋಳಿಗೂಡು ಶುಚಿ ಮಾಡುವುದು, ಈ ಕೆಲಸಗಳಿಗೆ ರೋಗಿ ಹೋಗಬಾರದು. ಎಂದಿನಿಂದ ಹೋಗಬಹುದೆಂದು ವೈದ್ಯರೇ ಹೇಳಬೇಕು.

2. ಈ ವಸ್ತುಗಳನ್ನು ರೋಗಿ ಮಲಗುವ ಕೋಣೆಯ ಪಕ್ಕದಲ್ಲಾಗಲಿ, ಮೇಲಿನ ಅಟ್ಟದಲ್ಲಾಗಲಿ ಶೇಖರಿಸಬೇಡಿ. ಹಲಗೆಯ ಸಂದಿನಿಂದ ಧೂಳು ಕೆಳಗಿಳಿಯುತ್ತದೆ.

3. ರೋಗಿಯ ಕೋಣೆಯನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಬೂಷ್ಟು ಹಿಡಿದ ಗೋಡೆಯನ್ನು ರೋಗಿ ಇಲ್ಲದಾಗ ಒದ್ದೆ ಮಾಡಿಯೇ ಶುಚಿಗೊಳಿಸಿ.

4. ಹಂಚು ತೆಗೆದು ಹೊದೆಸುವುದು, ಹಳೆಯ ಗೋಡೆ ಕೆಡವುವುದು, ಮಣ್ಣು ಅಗೆಯುವುದು ಮುಂತಾದವನ್ನು ಮುಂದೂಡಿ. ಆಸ್ಪತ್ರೆಗಳಲ್ಲೇ ಕಟ್ಟಡ ಕೆಲಸ ನಡೆದಾಗ ಆಸ್ಪರ್ಜಿಲಸ್ ಹರಡಿದ ಉದಾಹರಣೆಗಳಿವೆ. ಅನಿವಾರ್ಯವಾದರೆ ರೋಗಿಯನ್ನು ಬಂಧುಗಳ ಮನೆಗೆ ಕಳುಹಿಸಿ.

5. ಬಾಯಿಗೆ ಕಟ್ಟಿದ ಬೈರಾಸು ಬೀಜಕಣವನ್ನು ತಡೆಯದು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಧೂಳಿದ್ದರೆ ಎನ್-95 ಮಾಸ್ಕ್ ಧರಿಸಬಹುದು. ಆದರೆ ಮಾಸ್ಕ್ ಹಾಕಿಕೊಂಡು ಅಡಿಕೆ ಸುಲಿಯಬಹುದೆಂದು ಅರ್ಥವಲ್ಲ.

6. ಆಗ ತಾನೇ ಬೇಯಿಸಿದ ಬಿಸಿ ಊಟ, ಕುದಿಸಿ ಆರಿಸಿದ ನೀರು ಕೊಡಿ. ಬೂಷ್ಟಿನ ವಾಸನೆ ಇರುವ ಕೊಬ್ಬರಿ, ನೆಲಗಡಲೆ, ಮೇಲೆ ಬಿಳಿ ಕಟ್ಟಿದ ಉಪ್ಪಿನಕಾಯಿ ಬೇಡ. "ಅಷ್ಟು ಭಾಗ ತೆಗೆದರೆ ಸಾಕು" ಎಂಬ ಲೆಕ್ಕ ಇಲ್ಲಿ ನಡೆಯದು.

7. ಬಾಯಿಯನ್ನು ದಿನಕ್ಕೆ ನಾಲ್ಕೈದು ಬಾರಿ ಮುಕ್ಕಳಿಸಿ, ಮೃದುವಾದ ಬ್ರಷ್ ಬಳಸಬೇಕು. ಬೀಡಿ, ಸಿಗರೇಟು, ಎಲೆ-ಅಡಿಕೆ, ಹೊಗೆಸೊಪ್ಪು ಸಂಪೂರ್ಣ ಬಿಡಬೇಕು.

8. ಬರಿಗಾಲಲ್ಲಿ ತೋಟಕ್ಕೆ ಇಳಿಯಬಾರದು. ಮುಳ್ಳು ತರಚಿದ ಗಾಯದ ಮೂಲಕವೂ ಮಣ್ಣಿನ ಶಿಲೀಂಧ್ರ ಒಳಸೇರಬಹುದು.

9. ಸಕ್ಕರೆ ಕಾಯಿಲೆ ಇದ್ದವರು, ಸ್ಟೀರಾಯ್ಡ್ ಸೇವಿಸುವವರು ರಕ್ತದ ಸಕ್ಕರೆಯನ್ನು ಆಗಾಗ ಪರೀಕ್ಷಿಸಿ ಹತೋಟಿಯಲ್ಲಿಡಬೇಕು.

ಅಂಗಡಿಯಿಂದ ತಂದ ಮಾತ್ರೆಯ ಅಪಾಯ

ಮಳೆಗಾಲದಲ್ಲಿ ತೊಡೆಸಂದಿನ ಹುಳುಕಡ್ಡಿಗೆಂದು ಇಟ್ರಕೊನಜೋಲ್ ಮಾತ್ರೆಯನ್ನು ಔಷಧದಂಗಡಿಯಿಂದ ನೇರವಾಗಿ ತಂದು ನುಂಗುವ ರೂಢಿ ನಮ್ಮಲ್ಲಿದೆ. ಲಿಂಫೋಮಾ ಚಿಕಿತ್ಸೆಯಲ್ಲಿ ಹೆಚ್ಚಾಗಿ ಬಳಸುವ ವಿಂಕ್ರಿಸ್ಟಿನ್ ಎಂಬ ಮದ್ದಿನೊಂದಿಗೆ ಇದು ಸೇರಿದರೆ ವಿಂಕ್ರಿಸ್ಟಿನ್ ದೇಹದಿಂದ ಬೇಗ ಹೊರಹೋಗದೆ ವಿಷವಾಗುತ್ತದೆ. ಕೈಕಾಲು ಸ್ವಾಧೀನ ತಪ್ಪುವುದು, ಕರುಳು ಕಟ್ಟಿಹೋಗುವುದು ಸಂಭವಿಸುತ್ತದೆ. ಆದ್ದರಿಂದ ಚರ್ಮದ ಸಣ್ಣ ತುರಿಕೆಯಾದರೂ ಕ್ಯಾನ್ಸರ್ ವೈದ್ಯರಿಗೆ ತಿಳಿಸದೆ ಯಾವ ಮಾತ್ರೆಯನ್ನೂ, ನಾಟಿ ಔಷಧವನ್ನೂ ಸೇವಿಸಬಾರದು.

ಮಣ್ಣಿನಿಂದಲೇ ಮದ್ದು

ರೋಗ ತರುವ ಶಿಲೀಂಧ್ರ ಮಣ್ಣಿನದಾದರೆ, ಅದರ ಮದ್ದೂ ಮಣ್ಣಿನಿಂದಲೇ ಬಂದುದು ಕೃಷಿಕರು ಮೆಚ್ಚಬೇಕಾದ ಸಂಗತಿ. ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ವರ್ಜೀನಿಯಾದ ಒಂದು ಹೈನು ತೋಟದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ನಿಸ್ಟಾಟಿನ್ ಔಷಧವನ್ನು ಪಡೆದು 1950ರಲ್ಲಿ ಪ್ರಕಟಿಸಿದರು. ಬಾಯಿಯ ಕ್ಯಾಂಡಿಡಾಕ್ಕೆ ಅದು ಇಂದೂ ಬಳಕೆಯಲ್ಲಿದೆ. ವೆನೆಜುವೆಲಾದ ಒರಿನೋಕೊ ನದಿ ಪ್ರದೇಶದ ಮಣ್ಣಿನಿಂದ 1950ರ ದಶಕದಲ್ಲಿ ಆಂಫೋಟೆರಿಸಿನ್ ಬಂತು. ಕಪ್ಪು ಶಿಲೀಂಧ್ರಕ್ಕೆ ಅದೇ ಮುಖ್ಯ ಮದ್ದು. ಮೂತ್ರಪಿಂಡಕ್ಕೆ ಕಡಿಮೆ ಹಾನಿ ಮಾಡುವ ಅದರ ಲೈಪೋಸೋಮಲ್ ರೂಪ ದುಬಾರಿ. ಸರಕಾರದ ಯೋಜನೆಗಳಲ್ಲಿ ನೆರವು ಸಿಗುವುದೇ ಎಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮೊದಲ ದಿನವೇ ವಿಚಾರಿಸಿ. ಆಸ್ಪರ್ಜಿಲಸ್‌ಗೆ 2002ರಿಂದ ವೊರಿಕೊನಜೋಲ್ ಮುಖ್ಯ ಔಷಧವಾಗಿದೆ. ಇದನ್ನು ಕನಿಷ್ಠ ಆರರಿಂದ ಹನ್ನೆರಡು ವಾರ ಸೇವಿಸಬೇಕಾಗುತ್ತದೆ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬಾರದು.

ಈ ವೊರಿಕೊನಜೋಲ್‌ಗೂ ನಮ್ಮ ತೋಟಕ್ಕೂ ಒಂದು ಸಂಬಂಧವಿದೆ. ಅಡಿಕೆಯ ಎಲೆಚುಕ್ಕಿ ರೋಗಕ್ಕೆ ನಾವು ಸಿಂಪಡಿಸುವ ಪ್ರೊಪಿಕೊನಜೋಲ್, ಟೆಬುಕೊನಜೋಲ್, ಹೆಕ್ಸಾಕೊನಜೋಲ್ ಇವೆಲ್ಲ ಅದೇ ಕುಲದ ರಾಸಾಯನಿಕಗಳು. ಇವುಗಳ ಬಳಕೆ ಹೆಚ್ಚಾದಲ್ಲಿ ಮಣ್ಣಿನ ಆಸ್ಪರ್ಜಿಲಸ್ ಅವಕ್ಕೆ ಒಗ್ಗಿಹೋಗುತ್ತದೆ. ಹಾಗೆ ಒಗ್ಗಿದ ಬೀಜಕಣ ರೋಗಿಯ ಶ್ವಾಸಕೋಶ ಸೇರಿದರೆ ಆಸ್ಪತ್ರೆಯ ಔಷಧಕ್ಕೂ ಬಗ್ಗುವುದಿಲ್ಲ. ನೆದರ್‌ಲ್ಯಾಂಡ್ಸಿನಲ್ಲಿ ಇದು ಮೊದಲು ಗಮನಕ್ಕೆ ಬಂತು. 2012ರಲ್ಲಿ ದೆಹಲಿಯ ಸಂಶೋಧಕರು ಭಾರತದ ಮಣ್ಣಿನಲ್ಲೂ ಇಂತಹ ಆಸ್ಪರ್ಜಿಲಸ್ ಇರುವುದನ್ನು ವರದಿ ಮಾಡಿದರು. ಸಿಂಪಡಣೆ ಬೇಡವೆಂದು ನಾವು ಹೇಳುತ್ತಿಲ್ಲ. ತೋಟ ಉಳಿಯದೆ ಸಂಸಾರ ಉಳಿಯದು. ಶಿಫಾರಸು ಮಾಡಿದಷ್ಟೇ ಪ್ರಮಾಣ, ಹೇಳಿದಷ್ಟೇ ಬಾರಿ, ಅಗತ್ಯವಿದ್ದಾಗ ಮಾತ್ರ ಬಳಸೋಣ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ತಾಮ್ರದ್ದಾದ್ದರಿಂದ ಈ ಕುಲಕ್ಕೆ ಸೇರಿದ್ದಲ್ಲ.

ಇದು ಅಂಟುರೋಗವಲ್ಲ

ಕೊನೆಯದಾಗಿ ನೆರೆಹೊರೆಯವರಿಗೆ ಒಂದು ಮಾತು. ಲಿಂಫೋಮಾ ಅಂಟುವ ಕಾಯಿಲೆಯಲ್ಲ. ಮೇಲೆ ಹೇಳಿದ ಆಸ್ಪರ್ಜಿಲಸ್, ಕಪ್ಪು ಶಿಲೀಂಧ್ರಗಳೂ ರೋಗಿಯಿಂದ ಮನೆಯವರಿಗೆ ಹರಡುವುದಿಲ್ಲ. ರೋಗಿಯ ತಟ್ಟೆ-ಲೋಟವನ್ನು ಬೇರೆ ಇಡುವುದು, ಮಕ್ಕಳನ್ನು ಹತ್ತಿರ ಬಿಡದಿರುವುದು, ಮದುವೆ ಸಂಬಂಧಕ್ಕೆ ಹಿಂಜರಿಯುವುದು ಅರ್ಥವಿಲ್ಲದ ಮಾತು. ಭಯಪಡಬೇಕಾದದ್ದು ನಾವಲ್ಲ, ಅವರು. ನೋಡಲು ಹೋಗುವಾಗ ಶೀತ-ಕೆಮ್ಮು ಇದ್ದರೆ ಹೋಗಬಾರದು. ತೋಟದ ಕೆಲಸದ ಬಟ್ಟೆಯಲ್ಲೇ ಹೋಗದೆ, ಕೈ ತೊಳೆದು, ಸ್ವಲ್ಪ ಹೊತ್ತು ಕುಳಿತು ಬರಬೇಕು. ಹೂದಾನಿಯ ನೀರಿನಲ್ಲೂ ಕುಂಡದ ಮಣ್ಣಿನಲ್ಲೂ ಶಿಲೀಂಧ್ರ ಬೆಳೆಯುವುದರಿಂದ ಹೂಗುಚ್ಛ ಒಯ್ಯುವುದು ಬೇಡ.

ಇದಕ್ಕಿಂತ ದೊಡ್ಡ ಉಪಕಾರ ಒಂದಿದೆ. ಕೃಷಿಕ ರೋಗಿ ಅಡಿಕೆಯ ರಾಶಿಯ ಬಳಿ ಹೋಗಿ ಕೂರುವುದು ಹಟದಿಂದಲ್ಲ, ಬೆಳೆ ಹಾಳಾಗುವುದೆಂಬ ಚಿಂತೆಯಿಂದ. ವೈದ್ಯರು "ಧೂಳಿಗೆ ಹೋಗಬೇಡಿ" ಎನ್ನಬಹುದು, ಆದರೆ ಅವರು ಬಂದು ಅಡಿಕೆ ಸುಲಿದು ಕೊಡಲಾರರು. ಆರು ತಿಂಗಳು ಆ ಕೆಲಸ ಯಾರು ಮಾಡುತ್ತಾರೆ ಎಂಬುದೇ ಮನೆಯವರ ಪ್ರಶ್ನೆ. ನಮ್ಮ ಇಗರ್ಜಿಯ ಪ್ರತಿ ವಾರ್ಡಿನ ಗುರಿಕಾರರಲ್ಲಿ ನಮ್ಮ ವಿನಂತಿ ಇಷ್ಟೇ: ನಿಮ್ಮ ವಾರ್ಡಿನಲ್ಲಿ ಇಂತಹ ಚಿಕಿತ್ಸೆಯಲ್ಲಿರುವವರು ಇದ್ದರೆ, ಸರದಿಯ ಮೇಲೆ ವಾರಕ್ಕೊಂದು ದಿನ ನಾಲ್ಕು ಜನ ಹೋಗಿ ಅವರ ಹಟ್ಟಿ, ಗೊಬ್ಬರ, ಅಡಿಕೆಯ ಕೆಲಸ ಮಾಡಿಕೊಡುವ ಏರ್ಪಾಡು ಮಾಡಿ. ರಾತ್ರಿ ಕರೆದರೆ ಹೊರಡುವ ಒಂದು ವಾಹನವನ್ನೂ ಗೊತ್ತುಮಾಡಿ, ಅದರ ಫೋನ್ ನಂಬರನ್ನು ಆ ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ.